ಪಕ್ಕದ ಹಲ್ಲಿನ ಡಾಕ್ಟರು

ಪೂವಯ್ಯನವರ ಹುಳುಕು ಹಲ್ಲನ್ನು ಕೀಳುವ ಬದಲು ಅದರ ಪಕ್ಕದ ಗಟ್ಟಿ ಹಲ್ಲನ್ನು ಕಿತ್ತದ್ದೇ ಡಾಕ್ಟರ್ ದೇರಪ್ಪನವರ ಗ್ರಹಚಾರಕ್ಕೆ ಮೂಲ. ಬೇರೆ ಯಾರ ಹಲ್ಲಾಗಿದ್ದರೂ ಮಾತು ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಪೂವಯ್ಯನವರು ಮಡಿಕೇರಿ ಪೇಟೆಯಲ್ಲಿ ದೇರಪ್ಪನವರ ದವಾಖಾನೆಯ ಕೆಳಗೇ ಜವಳಿ ಅಂಗಡಿ ಇಟ್ಟವರು. ಗಿರಾಕಿಗಳಿಗೆ ಬಟ್ಟೆ ಅಳೆದು ಕೊಡುವಾಗ ಬಾಯಿ ತೆರೆದು ಖಾಲಿ ಜಾಗವನ್ನೂ ತೋರಿಸಿ ಕಳಿಸುತ್ತಿದ್ದರು. ಒಂದು ಶುಕ್ರವಾರದ ಸಂತೆ ಕಳೆಯುವಷ್ಟರಲ್ಲಿ 'ಪಕ್ಕದ ಹಲ್ಲಿನ ಡಾಕ್ಟರು' ಎಂಬ ಬಿರುದು ಬಸ್ಸು ಹತ್ತಿ ಸುಂಟಿಕೊಪ್ಪ ದಾಟಿತ್ತು. ಕೆಟ್ಟ ಹಲ್ಲು ಮಾತ್ರ ಪೂವಯ್ಯನವರ ಬಾಯಲ್ಲೇ ಇತ್ತು. ಅದಕ್ಕೆ ಲವಂಗ ಒತ್ತಿಕೊಂಡು ನರಳಿದರೇ ಹೊರತು ಮತ್ತೆ ಮೆಟ್ಟಿಲು ಹತ್ತಲಿಲ್ಲ.

ಮನೆಯಲ್ಲೂ ಅದೇ ಕತೆ. ಹೆಂಡತಿ ಯಮುನ ಕೆನ್ನೆ ಹಿಡಿದುಕೊಂಡು ಕೂತಿದ್ದನ್ನು ಕಂಡು ದೇರಪ್ಪ, "ಬಾ, ನೋಡ್ತೇನೆ" ಎಂದರೆ, "ಬೇಡ. ಪಕ್ಕದ ಹಲ್ಲಲ್ಲೇ ನಾ ಊಟ ಮಾಡುದು" ಎಂದಳು.

ದೇರಪ್ಪನವರು ಯೋಚಿಸಿದರು. ತಪ್ಪು ಕೈಯದ್ದಲ್ಲ, ಕಣ್ಣಿನದ್ದು. ಸರಿಯಾಗಿ ಕಂಡರೆ ಯಾರು ತಾನೆ ಪಕ್ಕದ್ದನ್ನು ಕೀಳುತ್ತಾರೆ? ಅದೇ ಹೊತ್ತಿಗೆ ಮೈಸೂರಿನ ಕಿವಿ ಡಾಕ್ಟರೊಬ್ಬರು ಆಪರೇಷನ್ ಮಾಡುವಾಗ ನೋಡುವ ತಮ್ಮ ಹಳೇ ಮೈಕ್ರೋಸ್ಕೋಪನ್ನು ಬಿಟ್ಟುಕೊಡುವ ಸುದ್ದಿ ಬಂತು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಇಷ್ಟು ವರ್ಷವಾದ ಮೇಲೆ ಮೈಸೂರಿನಿಂದ ತಮಗೆ ಬಂದ ಮೊದಲ ಲಾಭ ಇದೇ ಎಂದುಕೊಂಡು ತರಿಸಿದರು. ಎತ್ತರದ ಕಂಬ, ಬಾಗಿದ ತೋಳು, ತುದಿಯಲ್ಲಿ ಜೋಡಿ ಕೊಳವೆ, ಬಲ್ಬು. ಬಸ್ಸಿನ ಟಾಪಿನಲ್ಲಿ ಗೋಣಿಚೀಲಗಳ ನಡುವೆ ಅದು ಬಂದಿಳಿದಾಗ ಪೂವಯ್ಯನವರು ಅಂಗಡಿಯಿಂದಲೇ, "ಡಾಕ್ಟ್ರೇ, ಹಲ್ಲು ಕೀಳ್ಲಿಕ್ಕೆ ಕ್ರೇನು ತರ್ಸಿದ್ದಾ?" ಎಂದು ಕೇಳಿದರು.

ಕಿವಿ ಡಾಕ್ಟರು ಜೊತೆಗೆ ಬರೆದು ಕಳಿಸಿದ ಪಾಠ ಸುಲಭದ್ದು. ಕಣ್ಣು ಕೊಳವೆಗೆ ಇಟ್ಟ ಮೇಲೆ ತೆಗೆಯಬಾರದು, ಬೇಕಾದ ಸಾಮಾನನ್ನು ನರ್ಸು ಕೈಗೆ ಕೊಡಬೇಕು, ಕೈ ತಾನಾಗಿ ಕಲಿಯುತ್ತದೆ. ದೇರಪ್ಪನವರು ಒಂದು ಕಾಫಿ ಬೀಜ ಇಟ್ಟುಕೊಂಡು ಅದರ ಗೀರಿನೊಳಗೆ ಸೂಜಿ ಆಡಿಸುವ ಅಭ್ಯಾಸಕ್ಕೆ ಕೂತರು. ಇಷ್ಟು ವರ್ಷ ನಡುಗದ ಕೈ, ಕೊಳವೆಯೊಳಗೆ ಭೂತ ಬಂದವರ ಹಾಗೆ ಕುಣಿಯುತ್ತಿತ್ತು. ಕಾಫಿ ಬೀಜ ಎಲ್ಲೋ ಮಾಯವಾಗಿ ಒಂದು ಕೆಂಪು ಗುಡ್ಡ ಕಾಣಿಸಿತು.

"ಸಾ, ಸೂಜಿ ಬೀಜದ ಮೇಲಿಲ್ಲ. ನಿಮ್ ಹೆಬ್ಬೆಟ್ಟಿನ್ ಮೇಲದೆ" ಎಂದರು ಕುಶಾಲನಗರ ಕಡೆಯ ನರ್ಸು ಕಾಮಾಕ್ಷಮ್ಮ.

"ಗೊತ್ತಾಯ್ತು, ಈಗ ಚುಚ್ಚಿತು" ಎಂದರು ದೇರಪ್ಪ.

ಹೆಬ್ಬೆರಳಿಗೆಲ್ಲ ಪಟ್ಟಿ ಸುತ್ತಿಕೊಂಡ ಮೇಲೆ ಕೈ ಒಂದಿಷ್ಟು ಹಿಡಿತಕ್ಕೆ ಬಂತು. ಅಷ್ಟರಲ್ಲಿ ಸುಂಟಿಕೊಪ್ಪದ ಬೋಜಪ್ಪನವರು ಹಲ್ಲು ತೋರಿಸಲು ಬರುತ್ತೇನೆಂದು ಹೇಳಿ ಕಳಿಸಿದರು. ಯಮುನಳ ಸೋದರಮಾವ, ಎಸ್ಟೇಟಿನ ಯಜಮಾನರು, ಸುತ್ತಿನ ಮದುವೆಗಳಲ್ಲಿ ಅವರ ಮಾತಿಲ್ಲದೆ ಎಲೆ ಹಾಕುತ್ತಿರಲಿಲ್ಲ. ಅವರ ಹಲ್ಲು ಉಳಿದರೆ ದೇರಪ್ಪನವರ ಹೆಸರೂ ಉಳಿಯುತ್ತದೆ. ಅವರ ಹಲ್ಲಿಗೆ ಹೆಚ್ಚುಕಡಿಮೆಯಾದರೆ ದವಾಖಾನೆ ಮುಚ್ಚಿ ಮಾವನ ತೋಟದಲ್ಲೇ ಲೆಕ್ಕ ಬರೆಯುವ ರೈಟರ ಕೆಲಸ ಕೇಳಬೇಕು, ಅದೂ ಸಿಕ್ಕುವುದಿಲ್ಲ.

ಬೋಜಪ್ಪನವರು ಕರಿ ಕೋಟಿನಲ್ಲಿ ಬಂದು ಕುರ್ಚಿಯಲ್ಲಿ ಒರಗಿದರು. "ನೋಡ್ ದೇರಪ್ಪ, ಭಾನುವಾರ ಮದುವೆ ಉಂಟು. ಹಂದಿ ಕರಿ ತಿನ್ನದೆ ಮದುವೆಯಿಂದ ಎದ್ದವ ಅಲ್ಲ ನಾನ್. ಕೀಳ್ದು ಬೇಡ. ಹುಳುಕು ತೆಗ್ದ್ ಮುಚ್ಚು."

ದೇರಪ್ಪನವರು ಮೈಕ್ರೋಸ್ಕೋಪಿನ ಸ್ವಿಚ್ಚು ಒತ್ತಿದರು. ಬಲ್ಬು ಒಮ್ಮೆ ಫಳ್ಳೆಂದು ಸತ್ತಿತು. ಬೇರೆ ಬಲ್ಬು ಹುಡುಕಲು ಒಳಕೋಣೆಗೆ ಓಡಿದರು. ಕಾಮಾಕ್ಷಮ್ಮ ಹಿಂದಿನ ಒಲೆಯ ಮೇಲೆ ಸಾಮಾನು ಕುದಿಸುತ್ತಿದ್ದರು. ಒಬ್ಬರೇ ಕೂತು ಬೇಸರವಾಗಿ ಬೋಜಪ್ಪನವರು ಕೆಳಗಿನ ಹೋಟೆಲಿಗೆ ಕಾಫಿ ಕುಡಿಯಲು ಇಳಿದರು.

ಅವರು ಇಳಿದದ್ದನ್ನು ಕಂಡು ಪೂವಯ್ಯನವರು ಮೇಲೆ ಹತ್ತಿದರು. ಅವರದೂ ಕರಿ ಕೋಟೇ. ಬರಿ ಕುತೂಹಲ, ಬೇರೇನಿಲ್ಲ. ಆ ಯಂತ್ರದ ಕೆಳಗೆ ಮಲಗಿ ನೋಡಿದರೆ ಡಾಕ್ಟರ ಕಣ್ಣು ಎಷ್ಟು ದೊಡ್ಡದು ಕಾಣುತ್ತದೋ ನೋಡಿಕೊಂಡು ಅಂಗಡಿಯಲ್ಲಿ ವರ್ಣಿಸುವ ಆಸೆ. ಕುರ್ಚಿಯಲ್ಲಿ ಒರಗಿದರು. ಪಕ್ಕದಲ್ಲಿ ಬಾಯಿಗೆ ಮಾತ್ರ ತೂತಿರುವ ಬಿಳಿ ಬಟ್ಟೆ ಇತ್ತು. ಅದನ್ನೂ ಮುಖಕ್ಕೆ ಎಳೆದುಕೊಂಡು ತೂತಿನಿಂದ ನಾಲಗೆ ಹೊರಗಿಟ್ಟು ನೋಡಿದರು.

ಕಾಮಾಕ್ಷಮ್ಮ ಬಂದು ನೋಡಿದರೆ ಯಜಮಾನರು ಆಗಲೇ ಬಟ್ಟೆ ಹೊದ್ದು ಬಾಯಿ ತೆರೆದು ತಯಾರಾಗಿದ್ದಾರೆ. ತಡಮಾಡಿದ್ದಕ್ಕೆ ಬೈಸಿಕೊಳ್ಳಬೇಕಾದೀತೆಂದು ಬಾಯಿ ಮುಚ್ಚದಂತೆ ಸರಕ್ಕನೆ ಹಲ್ಲುಗಳ ನಡುವೆ ರಬ್ಬರಿನ ತುಂಡು ತೂರಿಸಿಬಿಟ್ಟರು. ಅಲ್ಲಿಂದ ಮುಂದೆ ಪೂವಯ್ಯನವರ ಭಾಷೆಯಲ್ಲಿ ಉಳಿದದ್ದು 'ಆ' ಒಂದೇ ಅಕ್ಷರ.

"ಆ. ಆ" ಎಂದರು.

"ಹಾಂಗೇ ಇರಿ ಮಾವ" ಎನ್ನುತ್ತ ದೇರಪ್ಪನವರು ಬಲ್ಬು ಸಿಕ್ಕಿಸಿ ಕಣ್ಣನ್ನು ಕೊಳವೆಗೆ ಒತ್ತಿದರು. ಮತ್ತೆ ತೆಗೆಯಲಿಲ್ಲ.

ಕಂಡದ್ದು ಒಂದೇ ಹಲ್ಲು, ಅದೂ ಹಲಸಿನಹಣ್ಣಿನಷ್ಟು ದೊಡ್ಡದು. ಅದರಾಚೆ ಲೋಕವೇ ಇಲ್ಲ. ಪಕ್ಕದ ಹಲ್ಲು ಇದೆಯೋ ಇಲ್ಲವೋ ಅದೂ ಕಾಣದು, ಅದೇ ಅವರಿಗೆ ನೆಮ್ಮದಿ. ಹಲ್ಲಿನ ನಡುವೆ ದೊಡ್ಡ ಗುಹೆ, ಗುಹೆಯಲ್ಲಿ ಲವಂಗದ ಚೂರು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. "ಆ ಆ ಆ" ಎಂದು ಕಾಲು ಝಾಡಿಸಿದ ಸದ್ದು ಕೇಳಿ, "ಹುಲಿ ಹೊಡೆದವರು ಸೂಜಿಗೆ ಹೆದರ್ತೀರಾ ಮಾವ?" ಎಂದು ನಕ್ಕರು. ಕಾಮಾಕ್ಷಮ್ಮ ಒಂದು ಕೈಯಲ್ಲಿ ರೋಗಿಯ ಹಣೆ ಒತ್ತಿ ಹಿಡಿದು, ಹೊಲಿಗೆ ಮಿಷನ್ನಿನ ಹಾಗೆ ಕಾಲಿನಿಂದ ಡ್ರಿಲ್ಲು ತುಳಿದರು. ದೇರಪ್ಪನವರ ಕೈ ಆ ದಿನ ನಡುಗಲಿಲ್ಲ. ಕೊರೆದು, ತೊಳೆದು, ಬೆಳ್ಳಿ ತುಂಬಿ, ಅಂಚು ಉಜ್ಜಿ ನಯ ಮಾಡಿದರು. ಹುಟ್ಟಿದ ಮೇಲೆ ಇಷ್ಟು ಚಂದದ ಕೆಲಸ ಅವರು ಮಾಡಿರಲಿಲ್ಲ. ಕಣ್ಣಲ್ಲಿ ನೀರೇ ಬಂತು.

"ಎಂತ ದೇರಪ್ಪ, ಬಲ್ಬು ಸಿಕ್ಕಿತಾ?" ಎಂಬ ದನಿ ಬಾಗಿಲಲ್ಲಿ ಕೇಳಿತು. ಬೋಜಪ್ಪನವರು ಮೀಸೆಯ ಕಾಫಿ ಒರೆಸಿಕೊಳ್ಳುತ್ತ ನಿಂತಿದ್ದರು.

ದೇರಪ್ಪನವರು ಬಟ್ಟೆ ಎತ್ತಿದರು. ಪೂವಯ್ಯನವರ ಕಣ್ಣು ಕೆಂಡವಾಗಿತ್ತು. ರಬ್ಬರು ತೆಗೆದ ಮೇಲೂ ಮರಗಟ್ಟಿದ ತುಟಿಯಿಂದ ಮಾತು ಹೊರಡಲಿಲ್ಲ. ಬೆರಳು ತೋರಿಸಿ, ಕೆನ್ನೆ ಹಿಡಿದುಕೊಂಡು ಇಳಿದುಹೋದರು.

"ನಂಗೇನ್ ಗೊತ್ತು ಸಾ, ಅವ್ರೇ ಮುಚ್ಕಂಡು ಮಲ್ಗಿದ್ರು" ಎಂದರು ಕಾಮಾಕ್ಷಮ್ಮ.

"ಇದುವರೆಗೆ ಪಕ್ಕದ ಹಲ್ಲು. ಇನ್ನು ಪಕ್ಕದವರ ಹಲ್ಲು" ಎಂದು ದೇರಪ್ಪ ತಲೆಯ ಮೇಲೆ ಕೈಹೊತ್ತು ಕೂತರು. ಬೋಜಪ್ಪನವರು ಪೇಟೆ ಕೆಲಸಕ್ಕೆ ಹೋದರು.

ಮಧ್ಯಾಹ್ನ ಮರಗಟ್ಟಿದ್ದು ಬಿಟ್ಟಿತು. ಪೂವಯ್ಯನವರು ಹೆದರುತ್ತ ತಣ್ಣೀರು ಕುಡಿದರು, ನೋವಿಲ್ಲ. ಚಕ್ಕುಲಿ ಕಡಿದರು, ನೋವಿಲ್ಲ. ತಿಂಗಳಿಂದ ಜೀವ ತಿಂದ ಹಲ್ಲು ಕಲ್ಲಿನ ಹಾಗೆ ಕೂತಿತ್ತು. ಅಂಗಡಿಯಲ್ಲಿ ಅವರು ಹೊಗಳುವ ದನಿ ಮಹಡಿಗೂ ಕೇಳಿ ದೇರಪ್ಪನವರ ಎದೆ ಹಗುರಾಯಿತು. ಇನ್ನು ಆ ಬಿರುದು ತೊಳೆದುಹೋಯಿತು ಎಂದುಕೊಂಡರು. ಮೆಟ್ಟಿಲ ತುದಿಗೆ ಬಂದು ಕಿವಿಗೊಟ್ಟರು.

ಪೂವಯ್ಯನವರು ಗಿರಾಕಿಗಳಿಗೆ ಹೇಳುತ್ತಿದ್ದರು. "ಕೈ ಬಂಗಾರ ಮಾರಾಯ್ರೇ. ಆದ್ರೆ ಒಂದು ಗುಟ್ಟುಂಟು. ನನ್ನ ಹಲ್ಲು ಅಂತ ಗೊತ್ತಿದ್ದು ಮಾಡಿದಾಗ ತಪ್ಪಿದ್ರು. ಗೊತ್ತಿಲ್ದೆ ಮಾಡಿದಾಗ ಸರಿ ಆಯ್ತು. ಯಾರ ಬಾಯಿ ಅಂತ ಅವ್ರಿಗೆ ಗೊತ್ತಾಗ್ಲಿಕ್ಕೆ ಬಿಡ್ಬಾರ್ದು."

ಸಂಜೆ ಬೋಜಪ್ಪನವರು ಪೂವಯ್ಯನವರ ಮಾತು ಕೇಳಿಸಿಕೊಂಡು ತಿರುಗಿ ಬಂದರು. ಕುರ್ಚಿಯಲ್ಲಿ ಒರಗಿ, ತಾವೇ ಬಟ್ಟೆ ಎಳೆದುಕೊಂಡು ಒಳಗಿಂದ, "ಇಲ್ಲಿ ಬೋಜಪ್ಪ ಇಲ್ಲ. ಯಾರೋ ದಾರಿಲಿ ಹೋಗುವವ ಅಂತ ತಿಳ್ಕಂಡ್ ಮಾಡ್" ಎಂದರು.

ದೇರಪ್ಪನವರು ಹಾಗೆಂದುಕೊಳ್ಳಲು ಬಹಳ ಪ್ರಯತ್ನಪಟ್ಟರು. "ಆಗಲಿ ಮಾವ" ಎಂಬ ಮಾತು ಬಾಯಿ ತಪ್ಪಿ ಬಂತು.

ಬೋಜಪ್ಪನವರು ಬಟ್ಟೆ ಕಿತ್ತೆಸೆದು ಎದ್ದರು. "ನಿಂಗೆ ಗೊತ್ತುಂಟು. ಇಂದ್ ಬೇಡ. ನಾಳೆ ಬೇರೆ ಕೋಟು ಹಾಕಿ, ಹೇಳದೆ ಬರ್ತೆ."

ದೇರಪ್ಪನವರು ಮನೆಗೆ ಬಂದಾಗ ಯಮುನ ಕೆನ್ನೆಗೆ ಬಿಸಿ ಒತ್ತಿಕೊಳ್ಳುತ್ತಿದ್ದಳು. ಗಂಡನ ಮುಖವನ್ನು ಬಹಳ ದಿನಗಳ ಮೇಲೆ ಪ್ರೀತಿಯಿಂದ ನೋಡಿದಳು.

"ಪೂವಯ್ಯನ ಹಲ್ಲು ಸರಿ ಮಾಡಿದಿರಂತೆ. ನಾಳೆ ನಾನೂ ಬರ್ತೆ" ಎಂದಳು.

ದೇರಪ್ಪನವರು ಅವಳ ಪಕ್ಕದಲ್ಲೇ ಕೂತರು. "ಬಾ. ಬೆಳಿಗ್ಗೆ ಒಟ್ಟಿಗೇ ಹೋಗುವ."

"ಒಟ್ಟಿಗೆ ಬೇಡ" ಎಂದಳು ಯಮುನ. "ನೀವು ಮೊದ್ಲು ಹೋಗಿ. ನಾ ಆಮೇಲೆ ಬಂದ್ ಮುಸುಕು ಹಾಕಿ ಮಲಗ್ತೆ. ಹೆಂಡ್ತಿ ಅಂತ ಮಾತ್ರ ಗೊತ್ತು ಮಾಡ್ಕಬೇಡಿ."