ಉಪ್ಪಾರಹಳ್ಳಿಯ ಅಲಿಪ್ತ ನೀತಿ

ಗುಬ್ಬಿಯ ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರದ ಮೇಷ್ಟ್ರು. ಭಾರತದ ವಿದೇಶಾಂಗ ನೀತಿಯ ಪಾಠ ಶುರುವಾಯಿತೆಂದರೆ ಪ್ರತಿವರ್ಷ ಏನಾದರೊಂದು ಫಜೀತಿ ಕಟ್ಟಿಟ್ಟ ಬುತ್ತಿ. ಈ ವರ್ಷವಂತೂ ಪಾಠ ನನ್ನ ಬೆನ್ನು ಹತ್ತಿ ತುಮಕೂರಿನ ಮನೆಯವರೆಗೂ ಬಂತು.

ಪ್ರಾದೇಶಿಕ ಶಕ್ತಿ

"ಕಷ್ಟ ಬಂದಾಗ ಅಕ್ಕಪಕ್ಕದ ದೇಶಗಳು ಈಗ ನಮ್ಮ ಕಡೆ ನೋಡ್ತವೆ. ಇಂಥ ದೇಶಕ್ಕೆ ಪ್ರಾದೇಶಿಕ ಶಕ್ತಿ ಅಂತಾರೆ. ಒಂದು ಹೋಲಿಕೆ ಕೊಡ್ರೋ" ಎಂದೆ.

ಕುಣಿಗಲ್ ಕಡೆಯ ಹುಡುಗ ಎದ್ದ. "ನಮ್ಮಪ್ಪ ಸರ್. ಬೀದೀಲಿ ಯಾರ ಜಗಳ ಆದ್ರೂ ಅವರೇ ಬಿಡಿಸ್ಬೇಕು. ಮನೇಲಿ ಮಾತ್ರ ಅಮ್ಮನ ಮುಂದೆ ಉಸಿರೆತ್ತಲ್ಲ."

ನಗಬೇಡಿ ಎಂದು ಗದರಿದೆ. ದೇಶಗಳ ಕಥೆಯೂ ಹೆಚ್ಚುಕಡಿಮೆ ಅದೇ.

ನೆರವು

ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನನ್ನ ಅಕ್ಕಪಕ್ಕ ಇಬ್ಬರು ಅಣ್ಣತಮ್ಮಂದಿರ ಮನೆ; ಎಡಕ್ಕೆ ಅಣ್ಣ, ಬಲಕ್ಕೆ ತಮ್ಮ. ಗೂಳೂರಿನವರು. ತೆಂಗಿನ ತೋಟದ ಬದುವಿನ ವಿಷಯಕ್ಕೆ ಮಾತು ಬಿಟ್ಟು ವರ್ಷಗಳಾದವು. ನಾನು ಯಾರ ಪರವೂ ಅಲ್ಲ. ಹಾಗಾಗಿ ನನ್ನನ್ನು ಒಲಿಸಿಕೊಳ್ಳಲು ಬೆಳಗ್ಗೆ ಅಣ್ಣನ ಮನೆಯಿಂದ ಬಸ್ಸಾರು ಬಂದರೆ, ಸಂಜೆ ತಮ್ಮನ ಮನೆಯಿಂದ ಅವರೆಕಾಳು ಉಪ್ಪಿಟ್ಟು.

"ಇದೇ ಕಣೇ ಅಲಿಪ್ತ ನೀತಿ. ಶೀತಲ ಸಮರದ ಕಾಲದಲ್ಲಿ ರಷ್ಯಾದಿಂದ ಉಕ್ಕಿನ ಕಾರ್ಖಾನೆ, ಅಮೆರಿಕದಿಂದ ಗೋಧಿ. ನಾವು ಎರಡನ್ನೂ ಬಿಡಲಿಲ್ಲ" ಎಂದೆ ಹೆಂಡತಿಗೆ.

"ಪಾತ್ರೆ ಖಾಲಿ ವಾಪಸ್ ಕಳ್ಸೋ ಹಾಗಿಲ್ಲ. ತೊಳೆದು, ಏನಾದ್ರೂ ಹಾಕಿ ಕೊಡೋಳು ನಾನು. ನೀತಿ ಮಾತ್ರ ನಿಮ್ದು" ಎಂದಳು.

ಸಂಧಾನ

ತಮ್ಮನ ಮಗಳಿಗೆ ಮದುವೆ ಗೊತ್ತಾಯಿತು. ಅವರ ಮನೆತನದಲ್ಲಿ ಚಪ್ಪರದ ಹಾಲುಗಂಬಕ್ಕೆ ಮೊದಲು ಹಾಲೆರೆಯಬೇಕಾದವರು ಮನೆಯ ಹಿರಿಯರು. ಹುಡುಗಿ ನನ್ನ ಮುಂದೆ ಅತ್ತಳು. "ದೊಡ್ಡಪ್ಪ ಬರ್ದಿದ್ರೆ ಅದೆಂಥ ಮದುವೆ ಅಂಕಲ್?"

ಅಣ್ಣನ ಮನೆಗೆ ಹೋದೆ.

"ಟಿವೀಲಿ ನಮ್ಮ ದೇಶದೋರು ಏನಂತಾರೆ ಮೇಷ್ಟ್ರೇ? ನಮ್ಮಿಬ್ರ ವಿಷಯಕ್ಕೆ ಮೂರನೆಯವರು ಬರೋದು ಬ್ಯಾಡ ಅಂತ ತಾನೆ? ಕಾಫಿ ಕುಡ್ಕೊಂಡು ಹೊರಡಿ" ಎಂದರು ಅಣ್ಣ.

ಅದೇ ದಿನ ನಾನು ತರಗತಿಯಲ್ಲಿ ಅದನ್ನೇ ಬಾಯಿಪಾಠ ಮಾಡಿಸಿ ಬಂದಿದ್ದೆ. ಕಾಫಿ ಕುಡಿದು ಹೊರಟೆ.

ಹಾಲುಗಂಬ

ಚಪ್ಪರದ ದಿನ ಅಣ್ಣ ಮನೆಯ ಬಾಗಿಲು ದಾಟಿ ಹೊರಗೆ ಬರಲಿಲ್ಲ. ಹುಡುಗಿ ಆ ಕಡೆಯೇ ನೋಡುತ್ತಿದ್ದಳು. ಅವಳಪ್ಪ ನನ್ನ ಕೈಗೆ ಹಾಲಿನ ಚೊಂಬು ಕೊಟ್ಟು, ಬೀದಿಗೆಲ್ಲ ಕೇಳುವಂತೆ, "ಅಣ್ಣನ ಜಾಗ್ದಲ್ಲಿ ನೀವೇ ಹಾಲೆರೀರಿ ಮೇಷ್ಟ್ರೇ" ಎಂದರು. ಇಷ್ಟು ವರ್ಷ ತಟಸ್ಥನಾಗಿದ್ದಕ್ಕೆ ಸಂದ ಗೌರವವೆಂದು ನನ್ನ ಎದೆ ಉಬ್ಬಿತು.

ಚೊಂಬು ಎತ್ತಿದ್ದೇ ತಡ, ಅಣ್ಣ ಬರಿಗಾಲಲ್ಲಿ ಓಡಿ ಬಂದರು. "ಕೊಡ್ರೀ ಇಲ್ಲಿ. ನಾನಿನ್ನೂ ಬದುಕಿವ್ನಿ" ಎಂದು ಕಿತ್ತುಕೊಂಡು ಹಾಲೆರೆದರು. ಹುಡುಗಿ ಕಾಲಿಗೆರಗಿದಳು. ಅವರ ಕಣ್ಣು ತುಂಬಿತು, ನನ್ನದೂ.

ಆಮೇಲೆ ತಮ್ಮನನ್ನು ಪಕ್ಕಕ್ಕೆ ಕರೆದು, "ಇಷ್ಟು ಜನರಲ್ಲಿ ನನ್ನನ್ನೇ ಆರಿಸಿದ್ರಲ್ಲ, ದೊಡ್ಡ ಮನಸ್ಸು ನಿಮ್ದು" ಎಂದೆ.

ಅವರು ಕೈಮುಗಿದರು. "ಬೇರೆ ಯಾರಾಗಿದ್ರೂ ಅಣ್ಣ ಸುಮ್ನೆ ನೋಡ್ತಾ ನಿಂತಿರೋನು ಮೇಷ್ಟ್ರೇ. ಯಾರ ಕಡೆಗೂ ಸೇರದೋರನ್ನ ಕಂಡ್ರೆ ಅವನಿಗೂ ಆಗಲ್ಲ, ನನಗೂ ಆಗಲ್ಲ. ನಿಮ್ಮ ವಿಷಯದಲ್ಲಿ ನಾವಿಬ್ರೂ ಮೊದ್ಲಿಂದ್ಲೂ ಒಂದೇ."