ಹೊತ್ತು ಮುಳುಗುವ ಮೊದಲು ಆಗಬೇಕಿದ್ದ ತೀರ್ಮಾನ

ಮಗಳು ಡಾಕ್ಟರಾಗಬೇಕಾದರೆ ವರ್ಷಗಟ್ಟಲೆ ಓದಬೇಕು, ನಿದ್ದೆಗೆಡಬೇಕು, ಹೆಣ ಮುಟ್ಟಬೇಕು. ಅಪ್ಪನಾದವನು ಡಾಕ್ಟರ ಅಪ್ಪನಾಗುವುದಕ್ಕೆ ಇದ್ಯಾವುದರ ಅಗತ್ಯವೂ ಇಲ್ಲ. ಮಗಳ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಪೇಢೆ ಡಬ್ಬಿ ಹಿಡಿದು ಪೇಟೆಯಲ್ಲಿ ಒಂದು ಸುತ್ತು ಹಾಕಿದರೆ ಸಾಕು. ನಾನು ಆ ಪದವಿ ಪಡೆದದ್ದು ಹಾಗೆಯೇ. ಸದಲಗಾದಲ್ಲಿ ನನ್ನದು ಹಿಂಡಿ, ಬೂಸಾ ಮಾರುವ ಅಂಗಡಿ. ಹೈನ ಮಾಡುವವರೆಲ್ಲ ನನ್ನ ಗಿರಾಕಿಗಳು. ಅವರಲ್ಲೊಬ್ಬ ಪೇಢೆ ಬಾಯಿಗಿಟ್ಟುಕೊಂಡು, "ಮುಂದ ಏನ್ ಓದಸ್ತೀರಿ ಸಾವಕಾರ್ರ?" ಎಂದ. "ಇನ್ನೇನ್ರಿ, ಡಾಕ್ಟರಕಿ" ಎಂದೆ. ಮಗಳು ಸನ್ಮತಿಯನ್ನು ಕೇಳಬೇಕೆಂದು ಹೊಳೆಯಲೇ ಇಲ್ಲ. ಮರುದಿನದಿಂದ ಗಿರಾಕಿಗಳು ಹಿಂಡಿಯ ಜೊತೆಗೆ ತಮ್ಮ ಬೇನೆಗಳನ್ನೂ ನನ್ನ ಮುಂದೆ ಇಳಿಸತೊಡಗಿದರು. ನಾನೂ ಹುಬ್ಬು ಗಂಟಿಕ್ಕಿ, "ಉಪ್ಪು ಕಡಿಮಿ ಮಾಡ್ರಿ" ಎನ್ನುತ್ತಿದ್ದೆ. ಉಪ್ಪು ಕಡಿಮೆ ಮಾಡಿ ಸತ್ತವರು ನಮ್ಮೂರಲ್ಲಿ ಯಾರೂ ಇಲ್ಲವಾದ್ದರಿಂದ ನನ್ನ ವೈದ್ಯಕ್ಕೆ ಒಳ್ಳೆಯ ಹೆಸರೇ ಇತ್ತು. ಅಷ್ಟಕ್ಕೇ ನಿಲ್ಲದೆ, ಅಂಗಡಿಯ ಪಕ್ಕದ ಕೋಣೆಯಲ್ಲಿದ್ದ ಚೀಲಗಳನ್ನು ಹಿತ್ತಲಿಗೆ ಸಾಗಿಸಿ, ಮುಂದೆ ದವಾಖಾನೆಗೆ ಬೇಕಾದೀತೆಂದು ಸುಣ್ಣ ಹೊಡೆಸಿಬಿಟ್ಟೆ. ಅವಳಿನ್ನೂ ಪಿಯುಸಿ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದಳು. ಆ ಮಳೆಗಾಲ ಹಿತ್ತಲಿನ ಹಿಂಡಿಗೆಲ್ಲ ಬೂಷ್ಟು ಹಿಡಿಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವನಿಗೆ ಅಷ್ಟು ದಂಡ ಇದ್ದದ್ದೇ.

ಪಿಯುಸಿ ಮುಗಿಯಿತು, ನೀಟ್ ಪರೀಕ್ಷೆ ಬಂತು. ಸೀಟು ಬರಲಿಲ್ಲ. "ಇನ್ನೊಂದ ವರ್ಷ ಕುಂತ್ರ ಆತು" ಎಂದು ನಾನೇ ಧೈರ್ಯ ಹೇಳಿದೆ. ಕುಳಿತುಕೊಳ್ಳುವವರು ಬೇರೆಯವರಾಗಿದ್ದಾಗ ಧೈರ್ಯ ಹೇಳುವುದು ನನಗೆ ಮೊದಲಿನಿಂದಲೂ ಸಲೀಸು. ಆ ಸುಣ್ಣ ಹೊಡೆದ ಕೋಣೆಯಲ್ಲೇ ಅವಳು ವರ್ಷವಿಡೀ ಕುಳಿತಳು. ಮದುವೆ, ಮುಂಜಿ, ಬಸದಿಯ ಪೂಜೆ, ಎಲ್ಲಿಗೂ ಬರಲಿಲ್ಲ. ಬಾಚಣಿಗೆಯ ತುಂಬ ಕೂದಲು ಬರುತ್ತಿದೆ, ಉಂಡದ್ದು ಮೈಗೆ ಹತ್ತುತ್ತಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಲೇ ಇದ್ದಳು. "ಓದೋ ಮಕ್ಕಳಿಗೆ ಇದೆಲ್ಲಾ ಇರೂದ" ಎಂದು ನಾನು ಅದನ್ನೂ ಉಪ್ಪಿನ ಖಾತೆಗೇ ಸೇರಿಸಿದೆ. ಎರಡನೆಯ ಸಲವೂ ಎಂಬಿಬಿಎಸ್ ಮಾರುದೂರದಲ್ಲೇ ಉಳಿಯಿತು. ಈಗ ಉಳಿದ ದಾರಿಗಳು ಹಲವಾರು: ಹಲ್ಲಿನ ಡಾಕ್ಟರಿಕೆ, ಆಯುರ್ವೇದ, ಅವಳು ತಾನೇ ಬರೆದಿದ್ದ ಸಿಇಟಿಯಿಂದ ಸಿಗಬಹುದಾದ ಪಶುವೈದ್ಯಕೀಯ. ಇಲ್ಲವಾದರೆ ಮತ್ತೆ ಅದೇ ಕೋಣೆ. ನನ್ನ ಒಲವು ಕೋಣೆಯ ಕಡೆಗಿತ್ತು. ಎರಡು ಸಲ ಎಡವಿದವಳು ಮೂರನೆಯ ಸಲ ಗೆದ್ದೇ ಗೆಲ್ಲುತ್ತಾಳೆ ಎಂಬ ಲೆಕ್ಕವನ್ನು ನಾನು ಯಾವ ಶಾಲೆಯಲ್ಲಿ ಕಲಿತೆನೋ ತಿಳಿಯದು.

ಕೋರ್ಸಿನ ಆಯ್ಕೆ ತಿಳಿಸಲು ಕಡೆಯ ದಿನ ಬಂದಾಗ ನಾನು ಹಿರಿಯರ ಸಭೆ ಕರೆದೆ. ಹಿರಿಯರೆಂದರೆ ಇಬ್ಬರೇ. ಒಬ್ಬಳು ಅಥಣಿಯಲ್ಲಿ ದ್ರಾಕ್ಷಿ ತೋಟದ ಮನೆಗೆ ಕೊಟ್ಟ ನನ್ನ ಅಕ್ಕ. ಇನ್ನೊಬ್ಬ ಕೊಲ್ಹಾಪುರದಲ್ಲಿ ಬಟ್ಟೆ ವ್ಯಾಪಾರ ಮಾಡುವ ನನ್ನ ಹೆಂಡತಿಯ ಅಣ್ಣ. ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ನಾವು ಜೈನರು; ಹೊತ್ತು ಮುಳುಗುವುದರೊಳಗೆ ಉಂಡು ಮುಗಿಸಬೇಕು. ಚಾತುರ್ಮಾಸದಲ್ಲಂತೂ ಅಕ್ಕ ಹೊತ್ತು ಮುಳುಗಿದ ಮೇಲೆ ನೀರನ್ನೂ ಮುಟ್ಟುವುದಿಲ್ಲ. ಹೀಗಾಗಿ ನಮ್ಮಲ್ಲಿ ಹೆಣ್ಣು ನೋಡುವುದು, ಹೊಲ ಪಾಲು ಮಾಡುವುದು, ಜಗಳ ಬಿಡಿಸುವುದು ಎಲ್ಲವೂ ಸಂಜೆಯ ಊಟಕ್ಕೆ ಮುಂಚೆ ಇತ್ಯರ್ಥವಾಗುತ್ತವೆ. ಹೊಟ್ಟೆಯ ಹೆದರಿಕೆಯಿಂದ ಎಂಥ ಹಟಮಾರಿಯೂ ಐದೂವರೆಯ ಹೊತ್ತಿಗೆ ಮೆತ್ತಗಾಗುತ್ತಾನೆ. ಕೋರ್ಟುಗಳು ಈ ಪದ್ಧತಿ ಇಟ್ಟುಕೊಂಡಿದ್ದರೆ ವ್ಯಾಜ್ಯಗಳು ಇಷ್ಟು ಉಳಿಯುತ್ತಿರಲಿಲ್ಲ ಎಂದು ನಾನು ಹಲವರ ಮುಂದೆ ಹೇಳಿದ್ದೇನೆ.

ಅಂದು ಮಾತ್ರ ಪದ್ಧತಿ ಕೈಕೊಟ್ಟಿತು. ಅಕ್ಕ ಆಯುರ್ವೇದದ ಪರ. "ಕಷಾಯ ಕಾಸೂದು ಹೆಣ್ಮಕ್ಕಳಿಗೆ ಹೆಂಗೂ ಬರ್ತೈತಿ. ಅರ್ಧಾ ಓದು ಮನ್ಯಾಗ ಮುಗದಂಗ ಆತು" ಎಂದಳು. ಭಾವ ಹಲ್ಲಿನ ಪರ; ತಂಗಿಯ ಗಂಡನಾದ ನನ್ನನ್ನು ಅವನು ದಾಜಿ ಎನ್ನುತ್ತಾನೆ. "ದಾಜೀ, ಮನಷಾಗ ಹೃದಯ ಒಂದ, ಕಿಡ್ನಿ ಎರಡ, ಹಲ್ಲ ಮೂವತ್ತೆರಡ. ಧಂದಾ ಯಾವುದರಾಗ ಐತಿ, ನೀವ ವಿಚಾರ ಮಾಡ್ರಿ" ಎಂದ. ನಾನು ಮೂರನೆಯ ನೀಟ್ ಹಿಡಿದುಕೊಂಡು ಕುಳಿತೆ. ಒಳಗೆ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯದ ವಾಸನೆ. ಹೆಂಡತಿ ಬಂದು, "ಏಳ್ರಿ, ಊಟ ಮಾಡ್ರಿ, ಆಮ್ಯಾಲ ಜಗಳಾಡ್ರಿ" ಎಂದಳು. ಯಾರು ಮೊದಲು ಏಳುತ್ತಾರೋ ಅವರು ಸೋತಂತೆ ಎಂದು ಮೂವರಿಗೂ ಅನ್ನಿಸಿ ಯಾರೂ ಏಳಲಿಲ್ಲ. ಹೊರಗೆ ಮೋಡ ಕವಿದಿತ್ತು. ಸೂರ್ಯ ಎಲ್ಲಿದ್ದಾನೋ ಕಾಣುತ್ತಿರಲಿಲ್ಲ. "ಇನ್ನೂ ಹೊತ್ತ ಐತಿ" ಎಂದ ಭಾವ. ಅಕ್ಕ ಗೋಡೆಯ ಪಂಚಾಂಗ ನೋಡಿ, ಗಡಿಯಾರ ನೋಡಿ, ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಮುಳಗಿ ಹೋತು" ಎಂದಳು. ಮೂವತ್ತೆರಡು ಹಲ್ಲಿನ ಲೆಕ್ಕ ಹೇಳುತ್ತಿದ್ದ ಭಾವ ತನ್ನ ಹಲ್ಲುಗಳಿಗೆ ಕೆಲಸವಿಲ್ಲದೆ ಅಡಿಗೆಮನೆಯ ಕಡೆಗೆ ನೋಡುತ್ತ ಕುಳಿತ.

ಆಗ ಸನ್ಮತಿ ಹೊರಗೆ ಬಂದಳು. ಅವಳು ಹೊತ್ತಿಗೆ ಮುಂಚೆಯೇ ಅವ್ವನ ಜೊತೆ ಕುಳಿತು ಎರಡು ರೊಟ್ಟಿ ಉಂಡಿದ್ದಳು. ಆ ಮನೆಯಲ್ಲಿ ಹೊಟ್ಟೆ ತುಂಬಿದವರು ಅವರಿಬ್ಬರೇ. ನಾವು ಮೂವರು ಹಿರಿಯರು ಸಣ್ಣ ಮುಖ ಮಾಡಿಕೊಂಡು ಕುಳಿತಿದ್ದೆವು. ಕೈಯಲ್ಲಿ ಮೊಬೈಲು ಹಿಡಿದುಕೊಂಡೇ, "ಅಪ್ಪಾ, ನಾ ವೆಟರ್ನರಿ ಹಾಕ್ತೀನಿ" ಎಂದಳು.

"ಗುರಾಂಚಿ ಡಾಕ್ಟರ?" ಎಂದು ಭಾವನಿಗೆ ಗಾಬರಿಯಲ್ಲಿ ಮರಾಠಿ ಬಂತು.

"ಹೌದ ಮಾಮಾ, ದನದ ಡಾಕ್ಟರ. ದನಾ ಅಂದ್ರ ನನಗ ಮೊದಲಿಂದ್ಲೂ ಸೇರ್ತಾವ, ನಿಮಗೂ ಗೊತ್ತೈತಿ."

"ಯವ್ವಾ, ವರಾ ಹುಡಕೂ ಮುಂದ ಏನಂತ ಹೇಳೂದ ನಾವು?" ಎಂದಳು ಅಕ್ಕ. ದನಿಯಲ್ಲಿ ಕಸುವಿರಲಿಲ್ಲ. ನಾನಾದರೂ ಬಿಡಬಾರದೆಂದು, "ಇನ್ನೊಂದ ಸಲ ಬರಿಯವ್ವಾ, ಒಂದ ವರ್ಷದ ಮಾತು" ಎಂದೆ.

ಅವಳು ನನ್ನನ್ನು ನೋಡಿದಳು. "ಅಪ್ಪಾ, ಆ ಕೋಣ್ಯಾಗ ಇನ್ನೊಂದ ವರ್ಷ ಕುಂತ್ರ ನನಗ ಡಾಕ್ಟರ ಬೇಕಾಗ್ತೈತಿ."

ಮೂರು ವರ್ಷ ಊರಿನವರ ಮೊಣಕಾಲು, ಬಿಪಿಗಳನ್ನೆಲ್ಲ ವಿಚಾರಿಸಿಕೊಂಡ ನಾನು, ನನ್ನ ಮನೆಯ ಕೋಣೆಯಲ್ಲಿ ಬಾಡುತ್ತಿದ್ದ ಹುಡುಗಿಗೆ "ಹೆಂಗದೀ?" ಎಂದು ಒಂದು ದಿನವೂ ಕೇಳಿರಲಿಲ್ಲ. ನಾಚಿಕೆಯಾಯಿತು. "ಹಾಕವ್ವಾ" ಎಂದೆ. ಅವಳು ಅಲ್ಲೇ ನಿಂತು ಮೊಬೈಲಿನಲ್ಲಿ ಒತ್ತಿಬಿಟ್ಟಳು. ಸೀಟೂ ಬಂತು.

ದೊಡ್ಡ ಮನಸ್ಸು ಮಾಡುವುದು ಒಂದು ಸಂಜೆಯ ಕೆಲಸ; ಅದನ್ನು ಪೇಟೆಯಲ್ಲಿ ಹೇಳಿಕೊಂಡು ತಿರುಗುವುದು ಬೇರೆ. ಯಾರಾದರೂ ಕೇಳಿದರೆ "ಮೆಡಿಕಲ್ ಲೈನಿನ್ಯಾಗ ಅದಾಳ" ಎಂದು ಹೇಳಿ, ಅವರು ಎರಡನೆಯ ಪ್ರಶ್ನೆ ಕೇಳುವ ಮೊದಲು ಬೂಸಾದ ದರ ಹೇಳಿಬಿಡುತ್ತಿದ್ದೆ. ಅಕ್ಕೋಳದಿಂದ ಬರುವ ಬಾಳಪ್ಪಣ್ಣ ಎಂಬ ಹಳೆಯ ಗಿರಾಕಿ ಮಾತ್ರ ತನ್ನ ಮೊಣಕಾಲಿನ ಆಪರೇಷನ್ನನ್ನು ಸನ್ಮತಿಯ ಕೈಯಿಂದಲೇ ಮಾಡಿಸಿಕೊಳ್ಳಬೇಕೆಂದು ಮುಂದೂಡುತ್ತ ಬಂದಿದ್ದ. ಅವನಿಗಾದರೂ ನಿಜ ಹೇಳಬೇಕಾಯಿತು. ಕುಂಟುತ್ತಿದ್ದ ಮನುಷ್ಯ ಚಂಗನೆ ಎದ್ದು ನಿಂತ. "ದನದ ಡಾಕ್ಟರೇನ್ರಿ? ಮೊದಲ ಹೇಳಬಾರದ? ಕಾಲಿಂದ ಏನ ಹಚ್ಚೀರಿ, ನಮ್ಮ ಎಮ್ಮಿ ಎರಡ ಸಲ ಗಬ್ಬ ನಿಂತಿಲ್ಲ!"

ಈಗ ಅವಳು ಮೂರನೆಯ ವರ್ಷದಲ್ಲಿದ್ದಾಳೆ. ಮೈ ಕೈ ತುಂಬಿಕೊಂಡಿದ್ದಾಳೆ, ಜಡೆ ದಪ್ಪಗಾಗಿದೆ, ಜೋರಾಗಿ ನಗುತ್ತಾಳೆ. ರಜೆಗೆ ಬಂದರೆ ಅಂಗಡಿಯಲ್ಲಿ ನನ್ನ ಪಕ್ಕವೇ ಸ್ಟೂಲು ಹಾಕಿಕೊಂಡು ಕುಳಿತುಕೊಳ್ಳುತ್ತಾಳೆ. ಆ ದಿನಗಳಲ್ಲಿ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ; ವ್ಯಾಪಾರವೂ ಇರುವುದಿಲ್ಲ. ಮೊನ್ನೆ ಬಾಳಪ್ಪಣ್ಣ ಬಂದ. ಹಾಲು ಹೆಚ್ಚಾಗುತ್ತದೆಂದು ನಾನು ಊರಿಗೆಲ್ಲ ಹೊಗಳಿ ಮಾರುವ ದುಬಾರಿ ಹಿಂಡಿಯ ಚೀಲವನ್ನು ಅವನಿಗಾಗಿ ಹೊರಗೆ ಎಳೆದು ತಂದೆ. ಅವನು ನನ್ನ ಹೆಗಲ ಮೇಲಿಂದ ಹಿಂದೆ ನೋಡಿ, "ಏನಂತೀರಿ ಡಾಕ್ಟರ್ಬಾಯಿ?" ಎಂದ. ಸನ್ಮತಿ ಅವನ ಎಮ್ಮೆಯ ಮೇವು, ನೀರು, ವಯಸ್ಸು ಎಲ್ಲ ವಿಚಾರಿಸಿ, "ಇಷ್ಟ ತುಟ್ಟೀದು ಬ್ಯಾಡ ಕಾಕಾ. ಹಸೀ ಮೇವು ಹೆಚ್ಚ ಹಾಕ್ರಿ, ಒಂದೀಟ ಖನಿಜ ಪುಡಿ ಕೊಡ್ರಿ, ಸಾಕು" ಎಂದಳು. ಬಾಳಪ್ಪಣ್ಣ ಕೈಮುಗಿದು, ಒಂದು ಪುಡಿಯ ಪೊಟ್ಟಣವಷ್ಟೇ ತೆಗೆದುಕೊಂಡ. ಹೋಗುವಾಗ ನನ್ನ ಬೆನ್ನು ತಟ್ಟಿ, "ಭಾಳ ಶಾಣ್ಯಾಕಿ ಅದಾಳ್ರಿ ಸಾವಕಾರ್ರ. ಪುಣ್ಯಾ ಮಾಡೀರಿ" ಎಂದ. "ಹೌದ್ರಿ ಮತ್ತ, ಮಗಳ ಯಾರಾಕಿ?" ಎಂದು ನಾನು ಎದೆ ಉಬ್ಬಿಸಿದೆ. ಆಮೇಲೆ ಆ ಚೀಲವನ್ನು ಅದೇ ಎದೆಗೆ ಅವಚಿಕೊಂಡು, ಏದುಸಿರು ಬಿಡುತ್ತ ಮತ್ತೆ ಒಳಗೆ ಹೊತ್ತುಕೊಂಡು ಹೋದೆ.