ಅತ್ತೆಯ ನಾಲ್ಕು ಸರಕಾರಗಳು

ನಮ್ಮ ಸೋದರತ್ತೆ ದಿಲ್ಲಿ ಸರಕಾರವನ್ನು ಎರಡು ಸಲ ತರಾಟೆಗೆ ತೆಗೆದುಕೊಂಡಿದ್ದಳು ಎಂದರೆ ನೀವು ನಂಬಲಿಕ್ಕಿಲ್ಲ. ದಿಲ್ಲಿ ಸರಕಾರವೂ ನಂಬಲಿಕ್ಕಿಲ್ಲ, ಯಾಕೆಂದರೆ ಅದಕ್ಕೆ ಈ ಸುದ್ದಿ ಮುಟ್ಟಲೇ ಇಲ್ಲ! ಮುಟ್ಟದಂತೆ ನೋಡಿಕೊಂಡವನು ನಾನು. ಸ್ವಾತಂತ್ರ್ಯಕ್ಕೂ ಮುಂಚಿನ ಮಾತು ಇದು. ನೆನೆದರೆ ಈಗಲೂ ನಾಚಿಕೆಯಿಂದ ತಲೆ ತಗ್ಗುತ್ತದೆ.

ಅತ್ತೆಯನ್ನು ಕೊಟ್ಟದ್ದು ಬಬಲೇಶ್ವರಕ್ಕೆ. ಗಂಡ ತೀರಿದ ಮೇಲೆ ವಿಜಾಪುರಕ್ಕೆ, ಇಬ್ರಾಹಿಂಪುರದ ನಮ್ಮ ಮನೆಗೆ ಬಂದು ಇದ್ದಳು. ಅವಳಿಗೆ ಅಕ್ಷರ ಬಾರದು. ಆದರೆ ಜಗತ್ತಿನಲ್ಲಿ ನಡೆಯುವ ಪ್ರತಿಯೊಂದಕ್ಕೂ ಒಬ್ಬ ಜವಾಬ್ದಾರ ಮನುಷ್ಯ ಇರಲೇಬೇಕೆಂಬುದು ಅವಳ ಹಟ. ಮಳೆ ತಡವಾದರೆ ಪಂಚಾಂಗ ಹೇಳುವ ಭಟ್ಟರನ್ನು ಕೇಳುವಳು, ರೈಲು ತಡವಾದರೆ ಸ್ಟೇಷನ್ ಮಾಸ್ತರರನ್ನು. ಒಮ್ಮೆ ನಮ್ಮ ಗೋಡೆ ಗಡಿಯಾರ ನಿಂತುಹೋದಾಗ ಅದನ್ನು ಮಾರಿದವನನ್ನು ಕರೆಸಿ, ಅದು ನಡೆಯುವವರೆಗೆ ಚಹಾ ಕೊಡುತ್ತ ಎದುರಿಗೇ ಕೂಡಿಸಿದ್ದಳು. ಸಂಜೆಯವರೆಗೆ ಕುಳಿತ ಪುಣ್ಯಾತ್ಮ!

ಇಂಥವಳ ಕಿವಿಗೆ ಸಟ್ಟಾದ, ಅಂದರೆ ಧಾರಣೆಯ ಮೇಲಿನ ಜೂಜಿನ, ಸುದ್ದಿ ಬಿತ್ತು. ತಿಕೋಟಾದಲ್ಲಿ ಯಾರದೋ ಮದುವೆಗೆ ಹೋದಾಗ ಹೇಳಿದರಂತೆ: ಸ್ಟೇಷನ್ ರಸ್ತೆಯ ಒಂದು ಅಂಗಡಿಯಲ್ಲಿ ಇನ್ನೂ ಬಿತ್ತದ ಹತ್ತಿಯನ್ನು ಮಾರುತ್ತಾರೆ, ಸಂಜೆ ಆರಕ್ಕೆ ಮುಂಬಯಿಯಿಂದ ಧಾರಣೆಯ ತಾರು ಬರುತ್ತದೆ, ಅದರ ಮೇಲೆ ಮಂದಿ ಗೆಲ್ಲುತ್ತಾರೆ, ಸೋಲುತ್ತಾರೆ. ಮರುದಿನ ಮುಂಜಾನೆಯೇ ಅತ್ತೆ ಆ ಅಂಗಡಿಯ ಮುಂದೆ ಹಾಜರು.

“ಸಾವಕಾರ್ರ, ಹತ್ತಿ ಎಲ್ಲೈತ್ರಿ?”

“ಹತ್ತಿ ಇಲ್ಲೆಲ್ಲಿ ಇರತೈತಬೇ ಯವ್ವಾ? ಎಲ್ಲಾ ಈ ಲೆಕ್ಕದ ವಹಿಯಾಗ ಐತಿ.”

“ಹಂಗಾರ ಅದರಾಗಿಂದ ಒಂದು ಹಿಡಿ ಕೊಡ್ರಿ, ದೀಪಕ್ಕ ಬತ್ತಿ ಹೊಸೀತೀನಿ!”

ಆ ಸಂಜೆ ಅಂಗಡಿ ತುಂಬ ಇದೇ ಕಥೆ, ಇದೇ ನಗೆ. ನಾನೂ ನಕ್ಕೆ. ಹೌದು, ನಾನೂ ಅಲ್ಲಿದ್ದೆ! ಇಪ್ಪತ್ತೆರಡರ ಪ್ರಾಯ, ಕಚೇರಿಯೊಂದರಲ್ಲಿ ಕಾರಕೂನ, ಅರ್ಧ ಪಗಾರ ಆ ತಾರಿಗೆ ಕಾಣಿಕೆ. ತಿಳಿದರೆ ಅಪ್ಪ ಮನೆಯಿಂದ ಹೊರಗೆ ಹಾಕುತ್ತಿದ್ದ, ಸಾಹೇಬರು ಕಚೇರಿಯಿಂದ. “ಯಾರಲೇ ಆ ಮುದುಕಿ?” ಎಂದು ಒಬ್ಬ ನನ್ನನ್ನೇ ಕೇಳಿದ. “ಯಾರೋ ಹಳ್ಳಿಯಾಕಿ ಇರಬೇಕು” ಎಂದೆ. ಎತ್ತಿ ಆಡಿಸಿದವಳ ಬಗ್ಗೆ ಎಂಥ ಮಾತು ಆಡಿದೆ ನೋಡಿ!

ಇತ್ತ ಅತ್ತೆಗೆ ನಿದ್ದೆಯಿಲ್ಲ. “ಮಾರಾಂವನ ಹತ್ರ ಹತ್ತಿ ಇಲ್ಲ. ಕೊಳ್ಳಾಂವಗ ಹತ್ತಿ ಬೇಕಾಗಿಲ್ಲ. ಮತ್ತ ಇದನ್ನ ನೋಡಿಕೊಳ್ಳಾಂವ ಯಾರು? ಬರಿ ತಮ್ಮಾ, ಅರ್ಜಿ ಬರಿ!”

ಮೊದಲ ಅರ್ಜಿ ಮುನಸಿಪಾಲ್ಟಿಗೆ. ನಾನು ಕಚೇರಿಯಿಂದ ಬಂದು, ಚಹಾ ಕುಡಿದು ಅಂಗಡಿಯತ್ತ ಓಡಬೇಕೆನ್ನುವಷ್ಟರಲ್ಲಿ ಕಾಗದ, ದೌತಿ ಮುಂದೆ ಬಂದು ಕೂಡುತ್ತಿದ್ದವು. ಅವಳ ಅರ್ಜಿಯಾದರೂ ಎಂಥದು? “ಸರಕಾರಕ್ಕ ಶರಣು. ಮನ್ಯಾಗ ಹುಡುಗರು ಆರಾಮ ಅದಾರೇನು?” ಸರಕಾರಕ್ಕೆ ಎಲ್ಲಿಯ ಹುಡುಗರು! ದೀಪ ಹಚ್ಚುವ ಹೊತ್ತಿಗೆ ಎರಡು ಸಾಲು ಆಗಿರುತ್ತಿತ್ತು. ಒಂದೊಂದು ಅರ್ಜಿಗೆ ಎಂಟೆಂಟು ಸಂಜೆ.

ಅರ್ಜಿ ಮುಟ್ಟಿದರೆ ಅಂಗಡಿಯ ಮೇಲೆ ದಾಳಿ, ದಾಳಿಯಾದರೆ ವಹಿಯಲ್ಲಿ ನನ್ನ ಹೆಸರು. ಹರಿದು ಹಾಕಿದೆ. ಕೆಲವು ದಿನ ಬಿಟ್ಟು ಉತ್ತರವನ್ನೂ ನಾನೇ ಬರೆದುಕೊಂಡು ಓದಿದೆ: “ಇದು ನಮ್ಮ ಕಡೆ ಬರುವುದಿಲ್ಲ. ಜಿಲ್ಲೆಯ ಸಾಹೇಬರನ್ನು ಕೇಳಿರಿ.” ಜಿಲ್ಲೆಯಾಗಿ ನಾನು, ಆಗ ನಮ್ಮನ್ನು ಆಳುತ್ತಿದ್ದ ಮುಂಬಯಿ ಸರಕಾರದತ್ತ ಕೈ ತೋರಿಸಿದೆ, ಮುಂಬಯಿಯಾಗಿ ದಿಲ್ಲಿಯತ್ತ. ದಿಲ್ಲಿಯಾಗಿ, ಬಹಳ ಗಾಂಭೀರ್ಯದಿಂದ, “ಇದು ಊರೊಳಗಿನ ಅಂಗಡಿಯ ಮಾತು, ಮುನಸಿಪಾಲ್ಟಿಗೆ ಹೋಗಿರಿ” ಎಂದೆ. ನಾಲ್ಕು ಸರಕಾರಗಳನ್ನು ಒಬ್ಬನೇ ನಡೆಸಿದವನು ಹಿಂದುಸ್ಥಾನದಲ್ಲಿ ಇನ್ನೊಬ್ಬನಿದ್ದಾನೆಯೇ?

ಅತ್ತೆ ಸೋಲುವವಳಲ್ಲ. “ಅಂಗಡಿ ಮುನಸಿಪಾಲ್ಟಿ ಜಾಗಾದಾಗ ಐತಿ. ಧಾರಣಿ ಮುಂಬಯಿದು. ತಾರು ದಿಲ್ಲಿಯವರದು. ಎಲ್ಲಾರದೂ ಇದ್ದದ್ದು ಯಾರದೂ ಅಲ್ಲ ಅಂದ್ರ ಹೆಂಗ? ಬರಿ ಇನ್ನೊಮ್ಮಿ. ಬಿರುಸಾಗಿ ಬರಿ!” ಎರಡನೇ ಸುತ್ತು ಶುರುವಾಯಿತು. ಅದೂ ಮುನಸಿಪಾಲ್ಟಿಗೇ ಬಂದು ನಿಂತಾಗ ಅವಳು ಬಬಲೇಶ್ವರದ ಭಾವಿಯ ಕಥೆ ಹೇಳಿದಳು. “ಹೂಳು ನೀವು ತೆಗೀರಿ, ನೀವು ತೆಗೀರಿ ಅಂತ ನಾಲ್ಕು ಓಣಿಯವರೂ ಸುಮ್ಮನ ಕುಂತಿದ್ರು. ಕಡೀಕ ಒಂದು ಆಕಳ ಕರ ಬಿತ್ತು ನೋಡು, ಎಲ್ಲಾರೂ ಒಮ್ಮೆಲೆ ಇಳದ್ರು.” ಕರು ಬದುಕಿತೇ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಆ ತಿಂಗಳು ಪಗಾರವಾದ ದಿನ ನಾನು ಮನೆಗೆ ಬರದೆ, ನೇರವಾಗಿ ಅಂಗಡಿಗೆ ಹೋದೆ. ಕೈಗೆ ಬಂದದ್ದಷ್ಟೂ ಅಲ್ಲಿಯೇ ಹೋಯಿತು. ಮರುದಿನ ಮುಂಜಾನೆ ಎದ್ದರೆ ಅವ್ವ ಒಲೆಯ ಮುಂದಿನಿಂದ ಕೂಗಿದಳು: “ನಿಮ್ಮತ್ತಿ ಬುತ್ತಿ ಕಟಗೊಂಡು ಟೇಶನ್ನಿಗೆ ಹೋಗ್ಯಾಳ. ಮುಂಬಯಿಗಂತ!”

ಓಡಿದೆ. ಅತ್ತೆ ಒಂದು ಬಾಕಿನ ಮೇಲೆ ಕುಳಿತು, ರೊಟ್ಟಿಯ ಗಂಟು ತೊಡೆಯ ಮೇಲಿಟ್ಟುಕೊಂಡು, ಸೊಲ್ಲಾಪುರದ ಗಾಡಿಯ ದಾರಿ ಕಾಯುತ್ತಿದ್ದಳು. ಮುಂಬಯಿಯಲ್ಲಿ ಅವಳಿಗೆ ಗುರುತಿನವರು ಒಬ್ಬರೂ ಇರಲಿಲ್ಲ.

“ಅತ್ತೀ, ಒಂದೂ ಅರ್ಜಿ ಹಾಕಿಲ್ಲಬೇ. ಉತ್ತರ ಎಲ್ಲಾ ನಾನ ಬರದದ್ದು. ಆ ಅಂಗಡ್ಯಾಗ ನಾನೂ ಆಡತೀನಿ.”

“ಗೊತ್ತೈತಿ. ದಿನಾ ಸಂಜಿ ಆರಕ್ಕ ನೀ ಎಲ್ಲಿಗೆ ಓಡತಿದ್ದಿ ಅಂತ ನನಗ ತಿಳೀಲಾರದೇನು? ಟಪಾಲಿನಾಂವ ನಮ್ಮ ಓಣಿಗೆ ಬರಲಾರದನ ಉತ್ತರ ಬರತಾವೇನು?”

“ಮತ್ತ ಇಷ್ಟು ದಿನ ಯಾಕ ಬರಸಿದಿ?”

“ತಾರು ಬರೂ ಹೊತ್ತಿಗೆ ನೀ ನನ್ನ ಮುಂದ ಕುಂತಿರತಿದ್ದಿ. ನನಗ ಅಷ್ಟ ಸಾಕಾಗಿತ್ತು. ನಿನ್ನೆ ಸಂಜಿ ನೀ ಮನಿಗೆ ಬರಲಿಲ್ಲ. ಇದು ನನ್ನ ಕೈಲೆ ಆಗೂದಲ್ಲ ಅಂತ ತಿಳೀತು. ಅದಕ್ಕ ಖರೇ ಸರಕಾರನ್ನ ಕೇಳಾಕ ಹೊಂಟೇನಿ.”

ದೂರದಲ್ಲಿ ಗಾಡಿ ಸಿಳ್ಳೆ ಹಾಕಿತು. ಅವಳು ನನ್ನ ಹೆಗಲಿಗೆ ಕೈ ಕೊಟ್ಟು ಎದ್ದಳು.

“ಅಂಜಬ್ಯಾಡ ತಮ್ಮಾ, ನಿನ್ನ ಹೆಸರು ಹೇಳಾಂಗಿಲ್ಲ. ನಮ್ಮ ಮನ್ಯಾಗ ಒಬ್ಬ ಶಾಣ್ಯಾ ಹುಡುಗ ಅದಾನ, ಅವನ್ನ ಉಳಿಸಿ ಕೊಡ್ರಿ ಅಂತೀನಿ. ಅಷ್ಟ.”

ನಾನು ಅವಳ ಸೆರಗು ಹಿಡಿದುಕೊಂಡು, ಅಷ್ಟು ಜನರ ಮುಂದೆ, ಬಿಕ್ಕಿ ಬಿಕ್ಕಿ ಅಳತೊಡಗಿದೆ. ಗಾಡಿ ಬಂದು, ನಿಂತು, ಹೋಗುವವರೆಗೂ ಬಿಡಲಿಲ್ಲ.